ಪಾಡ್‌ಕಾಸ್ಟ್: ಹಾಲೋಗ್ರಾಮ್ ಡಿಸ್ಕ್ ಒಳಗಿನ ‘ನಾಯ್ಸ್’, ಬೆಳಕಿಗೂ ಚಕ್ರಬಡ್ಡಿ ಇದೆ!

(ಈ ವಾರದ ಸಂಚಿಕೆಯ ಪಠ್ಯರೂಪ)

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಒಂದು ಇಪ್ಪತ್ತು ನಿಮಿಷ ನನ್ನ ಜೊತೆ ಇರಿ. ಇವತ್ತಿನ ವಿಷಯ ಕೇಳಿ ಕೆಲವರು ‘ಬಿಕಾಂ ಓದಿದವರಿಗೆ ಲೇಸರ್ ಉಸಾಬರಿ ಯಾಕೆ’ ಅನ್ನಬಹುದು. ಆದರೆ ಈ ಕಥೆಯೊಳಗೆ ವರ್ಗದ ಲೆಕ್ಕ ಇದೆ, ಚಕ್ರಬಡ್ಡಿ ಇದೆ, ದಿವಾಳಿಯಾದ ಒಂದು ಕಂಪನಿಯೂ ಇದೆ. ಹಾಗಾಗಿ ನನಗೂ ಸ್ವಲ್ಪ ಹಕ್ಕಿದೆ ಅಂದುಕೊಳ್ಳೋಣ.

ಪ್ರಶ್ನೆ ಇಷ್ಟು. ಗಾಜಿನ ಹಾಗೆ ಕಾಣುವ ಒಂದು ಪ್ಲಾಸ್ಟಿಕ್ ಪದರ. ಅದರೊಳಗೆ ಬೆಳಕಿನಿಂದ ಮಾಹಿತಿ ಬರೆಯಬಹುದು. ಒಂದೇ ಜಾಗದಲ್ಲಿ ನೂರಾರು ಪುಟಗಳನ್ನು ಒಂದರ ಮೇಲೊಂದು ಬರೆಯಬಹುದು. ಹಾಗಾದರೆ ಎಷ್ಟು ಪುಟದವರೆಗೆ? ಎಲ್ಲಿ ನಿಲ್ಲಬೇಕಾಗುತ್ತೆ? ಜಾಗ ಮುಗಿದಾಗ ಅಂತ ನಾವು ಅಂದುಕೊಳ್ತೀವಿ. ನಿಜವಾಗಿ ತಡೆಯೋದರಲ್ಲಿ ದೊಡ್ಡ ಪಾಲು, ಆ ಪ್ಲಾಸ್ಟಿಕ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿರುವ ಮಬ್ಬಿನದು.

ಹಾಲೋಗ್ರಾಮ್ ಅಂದ್ರೆ ಏನು?

ನಿಮ್ಮ ಡೆಬಿಟ್ ಕಾರ್ಡ್ ಮೇಲೆ ಹೊಳೆಯುವ ಪಾರಿವಾಳ ನೋಡಿರಬಹುದು. ಅದೂ ಹಾಲೋಗ್ರಾಮೇ, ಆದರೆ ಮೇಲ್ಮೈಯಲ್ಲಿ ಅಚ್ಚೊತ್ತಿದ್ದು. ನಾವು ಇವತ್ತು ಮಾತಾಡೋದು ಪದರದ ಆಳದೊಳಗೆ ದಾಖಲಾಗುವ ಹಾಲೋಗ್ರಾಮ್ ಬಗ್ಗೆ.

ಹಾಲೋಗ್ರಫಿಯ ಮೂಲ ಕಲ್ಪನೆ ಡೆನಿಸ್ ಗೇಬರ್ ಅವರದು, 1940ರ ದಶಕದ ಕೊನೆಯದು. ಅದಕ್ಕೆ 1971ರಲ್ಲಿ ನೊಬೆಲ್ ಬಂತು. 1960ರಲ್ಲಿ ಲೇಸರ್ ಬಂದ ಮೇಲೆ ಈ ಕಲ್ಪನೆಗೆ ನಿಜವಾದ ಜೀವ ಬಂತು. ಕೆಲಸ ಹೀಗೆ ನಡೆಯುತ್ತೆ: ಒಂದೇ ಲೇಸರ್ ಬೆಳಕನ್ನು ಎರಡು ಕಿರಣಗಳಾಗಿ ಸೀಳ್ತಾರೆ. ಒಂದು ಕಿರಣ ಮಾಹಿತಿಯನ್ನು ಹೊತ್ತು ಬರುತ್ತೆ, ಇನ್ನೊಂದು ಏನನ್ನೂ ಹೊರದೆ ಸುಮ್ಮನೆ ಬರುತ್ತೆ. ಎರಡನೆಯದಕ್ಕೆ ರೆಫರೆನ್ಸ್ ಕಿರಣ ಅಂತ ಹೆಸರು. ಪದರದೊಳಗೆ ಎರಡೂ ಸೇರಿದಾಗ, ಕೆರೆಗೆ ಎರಡು ಕಲ್ಲು ಎಸೆದರೆ ಅಲೆಗಳು ಹೆಣೆದುಕೊಳ್ಳುವ ಹಾಗೆ, ಬೆಳಕು–ಕತ್ತಲೆಯ ಸಣ್ಣ ಪಟ್ಟಿಗಳು ಮೂಡುತ್ತವೆ. ಒಂದು ಮಿಲಿಮೀಟರ್‌ನಲ್ಲಿ ಸಾವಿರಕ್ಕೂ ಹೆಚ್ಚು ಪಟ್ಟಿಗಳು ಇರಬಹುದು. ಈ ಪಟ್ಟಿಗಳು ಪದರದಲ್ಲಿ ಉಳಿದುಕೊಂಡರೆ ಅದೇ ಹಾಲೋಗ್ರಾಮ್. ಆಮೇಲೆ ರೆಫರೆನ್ಸ್ ಕಿರಣ ಒಂದನ್ನೇ ಬಿಟ್ಟರೆ ಸಾಕು. ಪಟ್ಟಿಗಳಿಗೆ ತಾಗಿ ಅದು ತಿರುಗಿ, ಮೊದಲು ಬಂದಿದ್ದ ಮಾಹಿತಿಯ ಕಿರಣವನ್ನೇ ಮತ್ತೆ ಕಟ್ಟಿಕೊಡುತ್ತೆ.

ಪಟ್ಟಿಗಳನ್ನು ಹಿಡಿದಿಡೋದು ಯಾರು?

ಹಿಂದೆ ಈ ಕೆಲಸಕ್ಕೆ ಬೆಳ್ಳಿಯ ಲವಣ ಇರುವ ಫೋಟೋ ಫಿಲ್ಮ್ ಬಳಸ್ತಿದ್ದರು. ಅದರಲ್ಲಿ ಕಣಗಳಿರುತ್ತವೆ, ಕಣಗಳು ಬೆಳಕನ್ನು ಚದುರಿಸುತ್ತವೆ. ಜೊತೆಗೆ ರಾಸಾಯನಿಕದಲ್ಲಿ ಅದ್ದಿ ತೊಳೆಯುವ ಕೆಲಸ ಬೇರೆ. 1969ರಲ್ಲಿ ಅಮೆರಿಕದ ಹ್ಯೂಸ್ ಸಂಶೋಧನಾ ಪ್ರಯೋಗಾಲಯದ ತಂಡವೊಂದು ಫೋಟೊಪಾಲಿಮರ್‌ನಲ್ಲಿ ಹಾಲೋಗ್ರಾಮ್ ದಾಖಲಿಸಿದ್ದನ್ನು ಪ್ರಕಟಿಸಿತು. ಅಲ್ಲಿಂದ ಬೇರೆ ದಾರಿ ತೆರೆಯಿತು.

ಫೋಟೊಪಾಲಿಮರ್ ಅಂದ್ರೆ ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ವಸ್ತು. ಹಲ್ಲಿನ ಡಾಕ್ಟರು ನೀಲಿ ಲೈಟ್ ಹಿಡಿದು ಫಿಲ್ಲಿಂಗ್ ಗಟ್ಟಿ ಮಾಡ್ತಾರಲ್ಲ, ಆ ಜಾತಿಯದು. ಒಳಗೆ ಮೂರು ಮುಖ್ಯ ಪಾತ್ರಧಾರಿಗಳು: ಆಕಾರ ಕೊಡುವ ಚೌಕಟ್ಟು, ಅದರೊಳಗೆ ಓಡಾಡುವ ಮಾನೊಮರ್ ಅಣುಗಳು, ಬೆಳಕು ಬಿದ್ದ ಕೂಡಲೇ ಕೆಲಸ ಶುರು ಮಾಡಿಸುವ ಇನಿಷಿಯೇಟರ್.

ಊಟದ ಪಂಕ್ತಿ ನೆನಪಿಸಿಕೊಳ್ಳಿ. ಬೆಳಕಿನ ಪಟ್ಟಿಯಲ್ಲಿರುವ ಮಾನೊಮರ್‌ಗಳು ಕೈಕೈ ಹಿಡಿದು ಸಾಲಾಗಿ ಕೂತುಬಿಡುತ್ತವೆ, ಮತ್ತೆ ಏಳೋದಿಲ್ಲ. ಅಲ್ಲಿ ಬಿಡಿ ಮಾನೊಮರ್ ಕಡಿಮೆಯಾದಂತೆ ಪಕ್ಕದ ಕತ್ತಲೆ ಪಟ್ಟಿಯಿಂದ ಇನ್ನಷ್ಟು ಬಂದು ಸೇರುತ್ತವೆ. ಕೊನೆಗೆ ಬೆಳಕಿದ್ದ ಕಡೆ ಒಂದು ವಸ್ತು ಹೆಚ್ಚು, ಕತ್ತಲೆಯಿದ್ದ ಕಡೆ ಇನ್ನೊಂದು ಹೆಚ್ಚು. ಎರಡೂ ಕಡೆ ಬೆಳಕು ಬಾಗುವ ಪ್ರಮಾಣ, ಅಂದ್ರೆ ವಕ್ರೀಭವನ ಸೂಚ್ಯಂಕ, ತುಸು ಬೇರೆ ಆಗುತ್ತೆ. ಸೂಚ್ಯಂಕ ಸುಮಾರು 1.5 ಇದ್ದರೆ ವ್ಯತ್ಯಾಸ ಬರೀ ಸಾವಿರದ ಕೆಲವು ಪಾಲು, ತುಂಬಾ ಒಳ್ಳೆಯ ವಸ್ತುವಿನಲ್ಲಿ ನೂರರ ಒಂದೆರಡು ಪಾಲು. ಅಷ್ಟೇ ನಮ್ಮ ಹಾಲೋಗ್ರಾಮ್‌ನ ಬಂಡವಾಳ.

300 ಜಿಬಿಯ ಕನಸು

ಈಗ ಕಂಪನಿ ಕಥೆಗೆ ಬರೋಣ. ಬೆಲ್ ಲ್ಯಾಬ್ಸ್‌ನಲ್ಲಿ ನಡೆದ ಸಂಶೋಧನೆಯಿಂದ 2000ದ ಕೊನೆಯಲ್ಲಿ ಇನ್‌ಫೇಸ್ ಟೆಕ್ನಾಲಜೀಸ್ ಅಂತ ಒಂದು ಕಂಪನಿ ಹುಟ್ಟಿತು, ಅಮೆರಿಕದ ಕೊಲರಾಡೊದಲ್ಲಿ. ಒಂದು ಡಿಸ್ಕ್‌ನಲ್ಲಿ 300 ಜಿಬಿ ಹಿಡಿಸುವ ಹಾಲೋಗ್ರಾಫಿಕ್ ಡ್ರೈವ್ ಮಾಡ್ತೀವಿ ಅಂತ ಅವರು ಹೇಳಿದರು. ಒಂದು ಪದರದ ಬ್ಲೂ-ರೇ ಡಿಸ್ಕ್‌ಗೆ ಹಿಡಿಸೋದು 25 ಜಿಬಿ ಅನ್ನೋದು ನೆನಪಿರಲಿ.

ಅದರ ಪದರ 1.5 ಮಿಲಿಮೀಟರ್ ದಪ್ಪ. ಹಾಲೋಗ್ರಫಿಯಲ್ಲಿ ದಪ್ಪಕ್ಕೆ ಬೆಲೆ ಇದೆ. ಪದರ ದಪ್ಪವಾದಷ್ಟೂ ಹಾಲೋಗ್ರಾಮ್ ತುಂಬಾ ನಿಯತ್ತಿನದಾಗುತ್ತೆ, ಬರೆದಾಗಿನ ಕೋನದಿಂದಲೇ ರೆಫರೆನ್ಸ್ ಕಿರಣ ಬಂದರೆ ಮಾತ್ರ ಬಾಯಿ ಬಿಡುತ್ತೆ. ಕೋನ ತುಸು ಬದಲಾದರೂ ಮೌನ. ಹಾಗಾಗಿ ಕಿರಣದ ಕೋನವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಅದೇ ಜಾಗದಲ್ಲಿ ಪುಟದ ಮೇಲೆ ಪುಟ ಬರೆಯಬಹುದು. ಒಂದೊಂದು ಪುಟದಲ್ಲೂ ಹತ್ತು ಲಕ್ಷಕ್ಕಿಂತ ಹೆಚ್ಚು ಬಿಟ್‌ಗಳು, ಕಪ್ಪು–ಬಿಳಿ ಚೌಕಗಳ ಚಿತ್ರದ ರೂಪದಲ್ಲಿ.

ಕೇಳೋಕೆ ಅದ್ಭುತ. ಈಗ ಖರ್ಚಿನ ಕಾಲಂ ನೋಡೋಣ.

ನಾಯ್ಸ್ ಅಂದ್ರೆ ಸದ್ದಲ್ಲ

ಪಾಡ್‌ಕಾಸ್ಟ್ ಮಾಡೋರಿಗೆ ಈ ಪದ ಚೆನ್ನಾಗಿ ಗೊತ್ತು. ಮೈಕ್ ಹಿಂದೆ ‘ಸ್ಸ್ಸ್’ ಅಂತ ಕೇಳೋದು ನಾಯ್ಸ್. ನಮಗೆ ಬೇಕಾದ ಮಾತು ಸಿಗ್ನಲ್. ಬೆಳಕಿನಲ್ಲೂ ಹಾಗೇ. ಕ್ಯಾಮೆರಾಗೆ ತಲುಪಬೇಕಾದ ಪುಟ ಸಿಗ್ನಲ್. ಎಲ್ಲಿಂದಲೋ ಚದುರಿ ಬಂದು ಕ್ಯಾಮೆರಾ ಮೇಲೆ ಬೀಳುವ ಬೆಳಕು ನಾಯ್ಸ್.

ಚದುರುವಿಕೆ ನೋಡಬೇಕಾ? ಒಂದು ಗಾಜಿನ ಲೋಟದಲ್ಲಿ ನೀರು ತಗೊಳ್ಳಿ, ನಾಲ್ಕು ಹನಿ ಹಾಲು ಬಿಡಿ, ಕತ್ತಲೆ ರೂಮಲ್ಲಿ ಫೋನ್ ಟಾರ್ಚ್ ಹಾಕಿ. ಪಕ್ಕದಿಂದ ನೋಡಿದರೆ ಬೆಳಕು ಹೋಗುವ ದಾರಿಯೇ ಕಾಣುತ್ತೆ, ತುಸು ನೀಲಿ ಛಾಯೆಯಲ್ಲಿ. ಎದುರಿನಿಂದ ನೋಡಿದರೆ ಅದೇ ಬೆಳಕು ಹಳದಿ ಕಡೆ ವಾಲಿರುತ್ತೆ. ಸಣ್ಣ ಕಣಗಳು ನೀಲಿಯನ್ನು ಹೆಚ್ಚು ಚದುರಿಸುತ್ತವೆ. ಆಕಾಶ ನೀಲಿಯಾಗಿರೋದಕ್ಕೂ ಇದೇ ಕಾರಣ.

ಬೆಳಕಿನ ಅಲೆಯುದ್ದಕ್ಕಿಂತ ತುಂಬಾ ಚಿಕ್ಕ ಕಣಗಳಿಗೆ ಇಲ್ಲೊಂದು ಕಟ್ಟುನಿಟ್ಟಾದ ಲೆಕ್ಕ ಇದೆ. ಅಲೆಯುದ್ದ ಅರ್ಧವಾದರೆ ಚದುರುವಿಕೆ 16 ಪಟ್ಟು. ಇದು ರೇಲಿ ನಿಯಮ. 633 ನ್ಯಾನೊಮೀಟರ್‌ನ ಕೆಂಪು ಲೇಸರ್‌ಗೆ ಹೋಲಿಸಿದರೆ 405 ನ್ಯಾನೊಮೀಟರ್‌ನ ನೀಲಿ–ನೇರಳೆ ಲೇಸರ್ ಸುಮಾರು 6 ಪಟ್ಟು ಹೆಚ್ಚು ಚದುರುತ್ತೆ. ಆದರೆ ಡಿಸ್ಕ್‌ನಲ್ಲಿ ಹೆಚ್ಚು ಮಾಹಿತಿ ತುಂಬೋಕೆ ಬೇಕಾಗಿರೋದು ಚಿಕ್ಕ ಅಲೆಯುದ್ದವೇ. ಇನ್‌ಫೇಸ್‌ನವರೂ ಆರಿಸಿಕೊಂಡಿದ್ದು ಅದನ್ನೇ. ಲಾಭದ ಜೊತೆಗೆ ನಷ್ಟವೂ ಪ್ಯಾಕೇಜ್‌ನಲ್ಲೇ ಬಂತು.

ಚದುರುವಿಕೆ ಅಂದ ಕೂಡಲೇ ನಮಗೆ ಸಿ.ವಿ. ರಾಮನ್ ನೆನಪಾಗ್ತಾರೆ. ಅವರು 1928ರಲ್ಲಿ ಕಂಡುಹಿಡಿದದ್ದು ಬಣ್ಣ ಬದಲಿಸಿಕೊಂಡು ಚದುರುವ ಬೆಳಕು. ನಮ್ಮ ಇವತ್ತಿನ ತಲೆನೋವು ಬಣ್ಣ ಬದಲಿಸದೆ ಚದುರುವ ಬೆಳಕು. ಈ ವ್ಯತ್ಯಾಸ ಮನಸ್ಸಲ್ಲಿಟ್ಟುಕೊಳ್ಳಿ, ಐದು ನಿಮಿಷದಲ್ಲಿ ಬೇಕಾಗುತ್ತೆ.

ಮಂಜಿನಲ್ಲಿ ಹೈ ಬೀಮ್

ಈಗ ಅಸಲಿ ಲೆಕ್ಕ. ಒಂದು ಪದರಕ್ಕೆ ಎಷ್ಟು ಸಾಮರ್ಥ್ಯ ಇದೆ ಅನ್ನೋದಕ್ಕೆ ಈ ಕ್ಷೇತ್ರದವರು ‘ಎಂ-ನಂಬರ್’ ಅಂತ ಒಂದು ಅಳತೆ ಬಳಸ್ತಾರೆ. ಅದನ್ನು ಬಂಡವಾಳ ಅನ್ನಿ. ಎಷ್ಟು ಪುಟ ಬರೀತೀರೋ ಅಷ್ಟು ಜನರಿಗೆ ಅದನ್ನು ಹಂಚಬೇಕು. ಆದರೆ ಪ್ರತಿ ಪುಟಕ್ಕೆ ಸಿಗುವ ಬೆಳಕು ಹಂಚಿ ಬಂದ ಪಾಲಷ್ಟೇ ಅಲ್ಲ, ಅದರ ವರ್ಗ.

ಸುಲಭಕ್ಕೆ ಬಂಡವಾಳ 10 ಅನ್ನೋಣ. 100 ಪುಟ ಬರೆದರೆ ಪಾಲು ಹತ್ತರಲ್ಲಿ ಒಂದು, ವರ್ಗ ಮಾಡಿದರೆ ನೂರರಲ್ಲಿ ಒಂದು. ಅಂದ್ರೆ ಓದಲು ಬಿಟ್ಟ ಬೆಳಕಿನಲ್ಲಿ 1% ಮಾತ್ರ ಪುಟವಾಗಿ ವಾಪಸ್ ಬರುತ್ತೆ. 1,000 ಪುಟ ಬರೆದರೆ? ಹತ್ತು ಸಾವಿರದಲ್ಲಿ ಒಂದು ಪಾಲು. ಪುಟ ಹತ್ತು ಪಟ್ಟಾದರೆ ಸಿಗ್ನಲ್ ನೂರು ಪಟ್ಟು ಕ್ಷೀಣ.

ಆದರೆ ಚದುರಿದ ಬೆಳಕು? ಅದು ಪುಟ ಎಷ್ಟಿದೆ ಅಂತ ನೋಡಿ ಕಡಿಮೆಯಾಗೋದಿಲ್ಲ. ಸಿಗ್ನಲ್ ಬಡವಾಗ್ತಾ ಹೋಗುತ್ತೆ, ನಾಯ್ಸ್ ಇದ್ದಲ್ಲೇ ಇರುತ್ತೆ. ಎಲ್ಲೋ ಒಂದು ಕಡೆ ಎರಡೂ ಸಮಕ್ಕೆ ಬರುತ್ತವೆ, ಅಲ್ಲಿಗೆ ನಿಮ್ಮ ಡಿಸ್ಕ್ ಫುಲ್. ಎಂ-ನಂಬರ್ ಇನ್ನೂ ಬಾಕಿ ಇದ್ದರೂ ಫುಲ್.

‘ಹಾಗಾದ್ರೆ ಲೇಸರ್ ಜೋರು ಮಾಡಿದ್ರೆ ಆಯ್ತಲ್ಲ?’ ಇಲ್ಲ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಏನಾಗುತ್ತೆ? ರಸ್ತೆ ಕಾಣೋದಿಲ್ಲ, ಎದುರಿನ ಬಿಳಿ ಗೋಡೆ ಇನ್ನಷ್ಟು ಬಿಳಿಯಾಗುತ್ತೆ. ಇಲ್ಲೂ ಅಷ್ಟೇ. ಲೇಸರ್ ಹೆಚ್ಚಿಸಿದರೆ ಸಿಗ್ನಲ್ ಎಷ್ಟು ಹೆಚ್ಚುತ್ತೋ ಚದುರುವಿಕೆಯೂ ಅಷ್ಟೇ ಹೆಚ್ಚುತ್ತೆ.

ಇನ್ನೂ ಒಂದು ಪೆಟ್ಟು ಇದೆ. ಈ ನಾಯ್ಸ್ ಬರೀ ಕೂಡಿಕೊಳ್ಳೋದಿಲ್ಲ. ಚದುರಿದ ಬೆಳಕೂ ಅದೇ ಲೇಸರ್‌ನಿಂದ ಬಂದಿದ್ದು, ಹಾಗಾಗಿ ಸಿಗ್ನಲ್ ಜೊತೆ ಅಲೆಗೆ ಅಲೆ ಸೇರುತ್ತೆ. ಸಿಗ್ನಲ್ ಅಲೆಯ ಎತ್ತರ 10, ನಾಯ್ಸ್ ಅಲೆಯ ಎತ್ತರ 1 ಅನ್ನೋಣ. ಬೆಳಕಿನ ತೀವ್ರತೆ ಅಂದ್ರೆ ಎತ್ತರದ ವರ್ಗ, ಆದ್ದರಿಂದ 100 ಮತ್ತು 1. ನಾಯ್ಸ್ ಬರೀ 1% ಅನ್ನಿಸುತ್ತೆ. ಆದರೆ ಎರಡೂ ಒಟ್ಟಿಗೆ ಏರಿದರೆ ಎತ್ತರ 11, ತೀವ್ರತೆ 121. ಒಂದು ಏರುವಾಗ ಇನ್ನೊಂದು ಇಳಿದರೆ ಎತ್ತರ 9, ತೀವ್ರತೆ 81. ಒಂದೇ ಬಿಳಿ ಚೌಕ ಒಂದು ಕಡೆ 121, ಪಕ್ಕದಲ್ಲಿ 81! ಒಂದು ರೂಪಾಯಿ ನಾಯ್ಸ್ ನಲವತ್ತು ರೂಪಾಯಿ ಏರುಪೇರು ಮಾಡಿತು. ಲೇಸರ್ ಚಿತ್ರಗಳಲ್ಲಿ ಕಾಣುವ ಚುಕ್ಕೆ ಚುಕ್ಕೆ ಕಲೆಗಳ ಗುಟ್ಟೂ ಹೀಗೆ ಅಲೆಗಳು ಕೂಡುವುದರಲ್ಲೇ ಇದೆ.

ಚಕ್ರಬಡ್ಡಿ

ಇಷ್ಟಾದರೂ ಪರವಾಗಿಲ್ಲ ಅನ್ನಬಹುದಿತ್ತು. ಮೊದಲು ಹೇಳಿದ್ದು ನೆನಪಿದೆಯಾ? ಚದುರಿದ ಬೆಳಕು ಬಣ್ಣ ಬದಲಿಸಿಲ್ಲ. ಮತ್ತು ಅದು ಬಿದ್ದಿರೋದು ಬೆಳಕನ್ನು ದಾಖಲಿಸಿಕೊಳ್ಳುವ ವಸ್ತುವಿನೊಳಗೆ.

ಬರೆಯುವಾಗ ಒಂದು ಸಣ್ಣ ದೂಳಿನ ಕಣ ಒಂದಿಷ್ಟು ಬೆಳಕನ್ನು ಪಕ್ಕಕ್ಕೆ ಚದುರಿಸಿತು ಅನ್ನೋಣ. ಆ ಬೆಳಕು ಮೂಲ ಕಿರಣದ ಜೊತೆ ಸೇರಿ ತನ್ನದೇ ಬೆಳಕು–ಕತ್ತಲೆ ಪಟ್ಟಿ ಮಾಡುತ್ತೆ. ಫೋಟೊಪಾಲಿಮರ್‌ಗೆ ಯಾವುದು ಬೇಕು, ಯಾವುದು ಬೇಡ ಅಂತ ಗೊತ್ತಿಲ್ಲ, ಅದನ್ನೂ ದಾಖಲಿಸುತ್ತೆ. ಅಂದ್ರೆ ದೂಳಿನದ್ದೂ ಒಂದು ಹಾಲೋಗ್ರಾಮ್! ಈಗ ಆ ಹಾಲೋಗ್ರಾಮ್ ಮೂಲ ಕಿರಣದಿಂದ ಇನ್ನಷ್ಟು ಬೆಳಕನ್ನು ಅದೇ ದಿಕ್ಕಿಗೆ ತಿರುಗಿಸುತ್ತೆ. ಆ ಬೆಳಕು ಮತ್ತೆ ಪಟ್ಟಿಯನ್ನು ಗಾಢ ಮಾಡುತ್ತೆ. ಗಾಢವಾದ ಪಟ್ಟಿ ಇನ್ನೂ ಹೆಚ್ಚು ತಿರುಗಿಸುತ್ತೆ. ಅಸಲಿಗೆ ಬಡ್ಡಿ, ಬಡ್ಡಿಗೆ ಬಡ್ಡಿ. ಇದಕ್ಕೆ ಹಾಲೋಗ್ರಾಫಿಕ್ ಸ್ಕ್ಯಾಟರಿಂಗ್ ಅಂತಾರೆ, ಹೀಗೆ ಬರೆದುಕೊಂಡ ಪಟ್ಟಿಗಳಿಗೆ ನಾಯ್ಸ್ ಗ್ರೇಟಿಂಗ್ ಅಂತ ಹೆಸರು. ದಪ್ಪ ಪದರದಲ್ಲಿ ಇದು ಜೋರಾದಾಗ ಎದುರಿನ ಪರದೆ ಮೇಲೆ ಉಂಗುರ, ಕಮಾನುಗಳ ಹಾಗೆ ಕಣ್ಣಿಗೇ ಕಾಣುತ್ತೆ.

ಮತ್ತೆ ಇದಕ್ಕೆ ತಿನ್ನಲು ಬೇಕಾಗಿರೋದು ನಮ್ಮದೇ ಮಾನೊಮರ್. ಪುಟಗಳಿಗೆ ಹೋಗಬೇಕಿದ್ದ ಬಂಡವಾಳವನ್ನು ನಾಯ್ಸ್ ಖರ್ಚು ಮಾಡುತ್ತೆ. ಒಂದೇ ಏಟಿಗೆ ಆದಾಯ ಕಡಿಮೆ, ಸಾಲ ಜಾಸ್ತಿ.

ಮಬ್ಬು ಬರೋದು ಎಲ್ಲಿಂದ, ತಡೆಯೋದು ಹೇಗೆ?

ದೂಳು, ಗಾಳಿಗುಳ್ಳೆ, ಸರಿಯಾಗಿ ಕರಗದ ಬಣ್ಣ, ಮೇಲಿನ ಗಾಜಿನ ಗೀರು. ಇವು ಸುಲಭದ ಶತ್ರುಗಳು. ಸೋಸಬಹುದು, ಸ್ವಚ್ಛ ಕೋಣೆಯಲ್ಲಿ ತಯಾರಿಸಬಹುದು.

ಕಷ್ಟದ ಶತ್ರು ವಸ್ತುವಿನ ಸ್ವಭಾವದಲ್ಲೇ ಇದೆ. ಹಾಲೋಗ್ರಾಮ್ ಗಟ್ಟಿಯಾಗಬೇಕಾದರೆ ಚೌಕಟ್ಟಿಗೂ ಪಾಲಿಮರ್‌ಗೂ ಸೂಚ್ಯಂಕದ ವ್ಯತ್ಯಾಸ ಹೆಚ್ಚಿರಬೇಕು. ಆದರೆ ಅವೆರಡೂ ಎಣ್ಣೆ–ನೀರಿನ ಹಾಗೆ ಅಲ್ಲಲ್ಲಿ ಬೇರೆಯಾಗಿ ಸಣ್ಣ ಗುಂಪು ಕಟ್ಟಿದರೆ, ಅದೇ ವ್ಯತ್ಯಾಸದಿಂದ ಚದುರುವಿಕೆಯೂ ಹೆಚ್ಚುತ್ತೆ. ಸಿಗ್ನಲ್ ಕೊಡುವ ಗುಣವೇ ನಾಯ್ಸ್ ಕೊಡುವ ಗುಣ. ದಪ್ಪದ್ದೂ ಇದೇ ಕಥೆ: ದಪ್ಪ ಹೆಚ್ಚಿದರೆ ಪುಟ ಹೆಚ್ಚು, ಜೊತೆಗೆ ಬೆಳಕು ದಾಟಬೇಕಾದ ಮಬ್ಬೂ ಹೆಚ್ಚು.

ನ್ಯಾನೊ ಕಣ ಬೆರೆಸುವ ದಾರಿಯೂ ಇದೆ. ಟೋಕಿಯೊದ ಯೂನಿವರ್ಸಿಟಿ ಆಫ್ ಎಲೆಕ್ಟ್ರೋ-ಕಮ್ಯುನಿಕೇಷನ್ಸ್‌ನ ಯಸುವೊ ತೊಮಿತಾ ತಂಡ 2000ದ ದಶಕದಲ್ಲಿ ಟೈಟಾನಿಯಂ ಡೈಆಕ್ಸೈಡ್, ಸಿಲಿಕಾ ಕಣಗಳನ್ನು ಬೆರೆಸಿ ನೋಡಿತು. ಸೂಚ್ಯಂಕದ ವ್ಯತ್ಯಾಸ ಹೆಚ್ಚಿಸಬಹುದು, ಗಟ್ಟಿಯಾಗುವಾಗ ಪದರ ಕುಗ್ಗೋದನ್ನೂ ತಗ್ಗಿಸಬಹುದು. ಆದರೆ ಕಣ ತುಂಬಾ ಸಣ್ಣದಿರಬೇಕು. ಕಣದ ಅಡ್ಡಳತೆ ಎರಡು ಪಟ್ಟಾದರೆ ಅದೊಂದರ ಚದುರುವಿಕೆ 64 ಪಟ್ಟು. ಅಂಬಲಿ ಗಂಟು ಕಟ್ಟುವ ಹಾಗೆ ಎಂಟು ಕಣ ಸೇರಿ ಒಂದಾಯಿತು ಅನ್ನಿ. ಬಿಡಿಬಿಡಿಯಾಗಿ 8 ಇದ್ದ ಚದುರುವಿಕೆ 64 ಆಯಿತು. ವಸ್ತು ಅಷ್ಟೇ, ನಾಯ್ಸ್ ಎಂಟು ಪಟ್ಟು.

ಬೆಲ್ ಲ್ಯಾಬ್ಸ್ ಮತ್ತು ಇನ್‌ಫೇಸ್ ಹಿಡಿದ ದಾರಿ ಎರಡು ರಸಾಯನಗಳದ್ದು. ಒಂದು ರಸಾಯನ ಕ್ರಿಯೆ ಮೊದಲೇ ಗಟ್ಟಿ ಚೌಕಟ್ಟು ಕಟ್ಟಿಬಿಡುತ್ತೆ. ಬೆಳಕಿಗೆ ಸ್ಪಂದಿಸುವ ಮಾನೊಮರ್ ಅದರಲ್ಲಿ ಭಾಗವಹಿಸದೆ ಕಾಯುತ್ತಿರುತ್ತೆ, ಅದರದ್ದು ಬೇರೆಯೇ ಕ್ರಿಯೆ. ಒಂದರ ಕೆಲಸದಲ್ಲಿ ಇನ್ನೊಂದು ತಲೆಹಾಕೋದಿಲ್ಲ. ಎರಡೂ ಚೆನ್ನಾಗಿ ಬೆರೆಯುವಂಥವೇ ಆಗಿರಬೇಕು, ಇಲ್ಲದಿದ್ದರೆ ಮತ್ತೆ ಹಾಲಿನ ಲೋಟ.

ನನಗೆ ತುಂಬಾ ಇಷ್ಟವಾದ ಉಪಾಯ ಕೊನೆಯದು. ಬರೆದು ಮುಗಿದ ಮೇಲೆ ಉಳಿದ ಮಾನೊಮರ್ ಸುಮ್ಮನೆ ಬಿಡೋ ಹಾಗಿಲ್ಲ, ಅದನ್ನೂ ಬೆಳಕು ಬಿಟ್ಟು ಮುಗಿಸಬೇಕು. ಆದರೆ ಲೇಸರ್ ಬಿಟ್ಟರೆ ಅದೇ ಹೊಸ ನಾಯ್ಸ್ ಬರೆಯುತ್ತೆ. ಅದಕ್ಕೆ ಎಲ್‌ಇಡಿಯಂಥ ಬೆಳಕು ಬಳಸ್ತಾರೆ. ಎಲ್‌ಇಡಿಯ ಅಲೆಗಳಿಗೆ ಲೇಸರ್‌ನ ಹಾಗೆ ತಾಳಮೇಳ ಇಲ್ಲ, ಅವು ಸೇರಿ ನಿಲ್ಲುವ ಪಟ್ಟಿ ಮಾಡೋದಿಲ್ಲ. ತಾಳ ತಪ್ಪಿದ ಬೆಳಕೇ ಇಲ್ಲಿ ಕ್ಲೀನಿಂಗ್ ಸ್ಟಾಫ್! ಇವೆಲ್ಲದರ ಮೇಲೆ, ಓದುವಾಗ ಬೇಡದ ಬೆಳಕು ತಡೆಯುವ ಸಣ್ಣ ಕಿಂಡಿಗಳು, ತಪ್ಪಾದ ಬಿಟ್‌ಗಳನ್ನು ಸರಿಪಡಿಸುವ ಗಣಿತದ ಕೋಡ್‌ಗಳು. ಕೋಡ್ ಹಾಕಿದರೆ ಅದಕ್ಕೂ ಜಾಗ ಬೇಕು ಅನ್ನೋದು ಮರೆಯಬೇಡಿ.

ಕಂಪನಿ ಏನಾಯ್ತು?

ಇನ್‌ಫೇಸ್‌ನ ಡ್ರೈವ್ ಮತ್ತೆ ಮತ್ತೆ ಮುಂದೂಡಲ್ಪಟ್ಟಿತು. ಡ್ರೈವ್‌ಗೆ ಹೇಳಿದ್ದ ಬೆಲೆ ಸುಮಾರು 18,000 ಡಾಲರ್. ಅಷ್ಟರಲ್ಲಿ ಹಾರ್ಡ್‌ಡಿಸ್ಕ್ ಮತ್ತು ಟೇಪ್ ವರ್ಷ ವರ್ಷವೂ ಅಗ್ಗವಾಗ್ತಾ ಹೋದವು. 2011ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಇದಕ್ಕೆ ಚದುರುವಿಕೆಯೇ ಕಾರಣ ಅಂದರೆ ತಪ್ಪಾಗುತ್ತೆ. ಒಳಗೆ ವಸ್ತು, ಲೇಸರ್, ಕ್ಯಾಮೆರಾ, ಯಂತ್ರಭಾಗ ಎಲ್ಲವೂ ಒಟ್ಟಿಗೆ ಸರಿಬರಬೇಕಿತ್ತು. ಹೊರಗೆ ಮಾರುಕಟ್ಟೆ ಕಾಯಲಿಲ್ಲ. ಆದರೆ ಒಂದೊಂದು ಡೆಸಿಬಲ್ ನಾಯ್ಸ್‌ಗೂ ಇಲ್ಲಿ ಬೆಲೆ ಇತ್ತು. ಪ್ರತಿ ಜಿಬಿಗೆ ಎಷ್ಟು ದುಡ್ಡು ಅನ್ನೋ ಲೆಕ್ಕದ ಛೇದದಲ್ಲಿ ಕೂತಿದ್ದು ಅದೇ ಪುಟಗಳ ಸಂಖ್ಯೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಇನ್‌ಫೇಸ್‌ನ ಆಸ್ತಿ, ತಂತ್ರಜ್ಞಾನ 2012ರಲ್ಲಿ ಶುರುವಾದ ಅಕೋನಿಯಾ ಹಾಲೋಗ್ರಾಫಿಕ್ಸ್‌ಗೆ ಹೋದವು. ಅವರು ಕೆಲ ಕಾಲದ ನಂತರ ಡಿಸ್ಕ್ ಬಿಟ್ಟು ಎಆರ್ ಕನ್ನಡಕಗಳ ಕಡೆ ತಿರುಗಿದರು. 2018ರಲ್ಲಿ ಅಕೋನಿಯಾವನ್ನು ಆಪಲ್ ಕೊಂಡುಕೊಂಡಿತು. ಇತ್ತ ಜರ್ಮನಿಯ ಕೊವೆಸ್ಟ್ರೊ ಬೇಫಾಲ್ ಎಚ್‌ಎಕ್ಸ್ ಅನ್ನೋ ಹೆಸರಲ್ಲಿ ಹಾಲೋಗ್ರಾಮ್‌ಗಾಗಿಯೇ ಫೋಟೊಪಾಲಿಮರ್ ಫಿಲ್ಮ್ ಮಾರುತ್ತೆ.

ಕನ್ನಡಕದಲ್ಲಿ ಹಾಲೋಗ್ರಾಮ್ ಪುಟ ಓದಿಸೋದಿಲ್ಲ, ಸಣ್ಣ ಪ್ರೊಜೆಕ್ಟರ್‌ನ ಬೆಳಕನ್ನು ನಿಮ್ಮ ಕಣ್ಣಿಗೆ ತಿರುಗಿಸುತ್ತೆ. ಇಲ್ಲಿ ಸಾವಿರ ಪುಟದ ಒತ್ತಡ ಇಲ್ಲ. ಆದರೆ ಇಡೀ ಜಗತ್ತನ್ನು ನೀವು ಅದೇ ಫಿಲ್ಮ್ ಮೂಲಕ ನೋಡ್ತೀರಿ. ಗೀರು ಬಿದ್ದ ಹೆಲ್ಮೆಟ್ ವೈಸರ್‌ನಲ್ಲಿ ರಾತ್ರಿ ಎದುರಿನ ಲಾರಿಯ ಲೈಟ್ ಹೇಗೆ ಕಾಣುತ್ತೆ? ಹಾಗೆ. ಪಾರದರ್ಶಕ ಪ್ಲಾಸ್ಟಿಕ್‌ಗೆ ‘ಹೇಜ್’ ಅನ್ನೋ ಅಳತೆ ಇದೆ. ದಾಟಿ ಬಂದ ಬೆಳಕಿನಲ್ಲಿ 2.5 ಡಿಗ್ರಿಗಿಂತ ಹೆಚ್ಚು ದಾರಿ ತಪ್ಪಿದ್ದು ಶೇಕಡಾ ಎಷ್ಟು ಅಂತ ಅದು ಹೇಳುತ್ತೆ. ಮುಂದೆ ಯಾರಾದರೂ ಎಆರ್ ಕನ್ನಡಕ ತಂದು ತೋರಿಸಿದರೆ, ಒಳಗಿನ ಚಿತ್ರ ಎಷ್ಟು ಚಂದ ಅನ್ನೋದಕ್ಕಿಂತ ಮೊದಲು ಅದನ್ನು ಹಾಕಿಕೊಂಡು ಬೀದಿ ದೀಪ ನೋಡಿ. ದೀಪದ ಸುತ್ತ ಹಾಲು ಚೆಲ್ಲಿದ ಹಾಗಿದ್ದರೆ, ಎಲ್ಲಿ ಎಡವಿದ್ದಾರೆ ಅಂತ ನಿಮಗೀಗ ಗೊತ್ತು.

ಇವತ್ತಿನ ಇಡೀ ಮಾತನ್ನು ಒಂದು ಸಾಲಲ್ಲಿ ಹೇಳೋದಾದರೆ: ದಾಖಲಿಸುವ ವಸ್ತುವಿನಲ್ಲಿ ಕೊಳೆ ಇದ್ದರೆ, ಕೊಳೆಯೂ ದಾಖಲಾಗುತ್ತೆ. ಓದುವಾಗ ಬಂದ ನಾಯ್ಸ್‌ಗೆ ಫಿಲ್ಟರ್ ಹಾಕಬಹುದು. ಬರೆಯುವಾಗಲೇ ಒಳಗೆ ಸೇರಿ ಬಡ್ಡಿ ಬೆಳೆಸಿಕೊಂಡ ನಾಯ್ಸ್‌ಗೆ ಮದ್ದು ಕಡಿಮೆ. ಅದಕ್ಕೇ ಈ ಕ್ಷೇತ್ರದವರು ದೊಡ್ಡ ಲೇಸರ್‌ಗಿಂತ ಹೆಚ್ಚು ವರ್ಷಗಳನ್ನು ಸ್ವಚ್ಛವಾದ ಪ್ಲಾಸ್ಟಿಕ್‌ಗಾಗಿ ಕಳೆದರು.

ಹಾಲಿನ ಲೋಟದ ಪ್ರಯೋಗ ಮಾಡಿದರೆ ಫೋಟೋ ಕಳಿಸಿ. ಲೇಸರ್ ಪಾಯಿಂಟರ್ ಇದ್ದರೆ ದಯವಿಟ್ಟು ಯಾರ ಕಣ್ಣಿಗೂ ಬಿಡಬೇಡಿ. ಮುಂದಿನ ವಾರ ಸಿಗೋಣ, ನಮಸ್ಕಾರ.